ಪದ ಪರಿಚಯ: ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ

ಬಾಯಿಯ ಮೂಲಕ ಶ್ವಾಸನಾಳಕ್ಕೆ ಕೊಳವೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದ ರೋಗಿಯಲ್ಲಿ, 48 ಗಂಟೆಗಳು ಕಳೆದ ಮೇಲೆ ಹೊಸದಾಗಿ ತಲೆದೋರುವ ಶ್ವಾಸಕೋಶದ ಸೋಂಕಿಗೆ ಈ ಹೆಸರು. ಐಸಿಯು ವೈದ್ಯರು ಚಿಕ್ಕದಾಗಿ ‘ವ್ಯಾಪ್’ ಎನ್ನುತ್ತಾರೆ. ಅದಕ್ಕಿಂತ ಮೊದಲೇ ಕಾಣಿಸಿಕೊಂಡ ಸೋಂಕು ಕೊಳವೆ ಹಾಕುವ ಹೊತ್ತಿಗಾಗಲೇ ದೇಹದಲ್ಲಿ ಮೊಳೆತಿದ್ದಿರಬಹುದು ಎಂಬ ಕಾರಣಕ್ಕೆ 48 ಗಂಟೆಗಳ ಗಡಿಯನ್ನು ಇಟ್ಟುಕೊಳ್ಳಲಾಗಿದೆ.

ಹೆಸರು ಮಾತ್ರ ತುಸು ದಾರಿ ತಪ್ಪಿಸುವಂಥದ್ದು. ಯಂತ್ರವೇ ಕೊಳಕು ಗಾಳಿ ಊದಿ ಸೋಂಕು ತಂದಿತೆಂದು ಮನೆಯವರು ಭಾವಿಸುವುದುಂಟು; ಆದರೆ ರೋಗಾಣುಗಳು ಬರುವುದು ಹೆಚ್ಚಾಗಿ ರೋಗಿಯದೇ ಬಾಯಿ ಮತ್ತು ಗಂಟಲಿನಿಂದ, ಅವುಗಳಿಗೆ ದಾರಿಯಾಗುವುದು ಆ ಕೊಳವೆ. ಆರೋಗ್ಯವಂತರಲ್ಲಿ ಎಂಜಲು ಶ್ವಾಸನಾಳದ ಕಡೆಗೆ ಜಾರಿದರೆ ಕೆಮ್ಮು ತಕ್ಷಣ ಅದನ್ನು ಹೊರದೂಡುತ್ತದೆ, ನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಉಳಿದ ಕಫವನ್ನು ಮೇಲಕ್ಕೆ ತಳ್ಳುತ್ತವೆ. ಕೊಳವೆಯು ಧ್ವನಿಪೆಟ್ಟಿಗೆಯನ್ನು ತೆರೆದೇ ಇರಿಸುತ್ತದೆ, ಮಂಪರಿನ ಔಷಧ ಕೆಮ್ಮನ್ನು ಅಡಗಿಸುತ್ತದೆ. ಕೊಳವೆಯ ತುದಿಯ ಬಳಿ ಇರುವ ಪುಟ್ಟ ಬಲೂನು ನಾಳವನ್ನು ಮುಚ್ಚುತ್ತದೆಯಾದರೂ, ಅದರ ಮೇಲೆ ಸಂಗ್ರಹವಾದ ಎಂಜಲು ಬಲೂನಿನ ಮಡಿಕೆಗಳ ಸಂದಿನಿಂದ ಹನಿಹನಿಯಾಗಿ ಕೆಳಗೆ ಸೋರುತ್ತದೆ. ಇದಲ್ಲದೆ ಕೊಳವೆಯ ಒಳಮೈಯಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯಂಥ ಪದರ ಕಟ್ಟಿಕೊಂಡು ನೆಲೆಸುತ್ತವೆ, ಆ್ಯಂಟಿಬಯಾಟಿಕ್ ಅಲ್ಲಿಗೆ ಸುಲಭವಾಗಿ ತಲುಪುವುದಿಲ್ಲ.

ಸ್ಯೂಡೊಮೊನಾಸ್, ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್, ಸ್ಟ್ಯಾಫಿಲೊಕಾಕಸ್ ಆರಿಯಸ್ ಇಲ್ಲಿ ಪದೇ ಪದೇ ಕಾಣುವ ರೋಗಾಣುಗಳು. ಇವುಗಳಲ್ಲಿ ಹಲವು ಬಹುತೇಕ ಔಷಧಗಳಿಗೆ ಬಗ್ಗದಿರುವುದೇ ಚಿಕಿತ್ಸೆಯ ದೊಡ್ಡ ತೊಡಕು.

ಪತ್ತೆಹಚ್ಚುವುದೂ ಸುಲಭವಲ್ಲ. ಜ್ವರ, ಬಿಳಿ ರಕ್ತಕಣಗಳ ಏರಿಕೆ, ಕೀವಿನಂಥ ಕಫ, ರಕ್ತದ ಆಮ್ಲಜನಕದ ಕುಸಿತ ಮತ್ತು ಎಕ್ಸ್‌ರೇಯಲ್ಲಿ ಹೊಸ ಬಿಳಿ ಕಲೆ, ಇವೆಲ್ಲ ವ್ಯಾಪ್‌ನ ಲಕ್ಷಣಗಳೇ. ಆದರೆ ಶ್ವಾಸಕೋಶದಲ್ಲಿ ನೀರು ತುಂಬಿದರೂ, ಒಂದು ಭಾಗ ಕುಸಿದು ಮಡಿಚಿಕೊಂಡರೂ ಎಕ್ಸ್‌ರೇ ಹಾಗೆಯೇ ಕಾಣಬಹುದು. ಕಫದಲ್ಲಿನ ರೋಗಾಣುಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆಯಾದ ಕಲ್ಚರ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆದ ಮಾತ್ರಕ್ಕೆ ಸೋಂಕಿದೆ ಎನ್ನಲಾಗದು, ಏಕೆಂದರೆ ಕೊಳವೆಯಲ್ಲಿ ಅವು ಸುಮ್ಮನೆ ನೆಲೆಸಿರಲೂಬಹುದು. ಅನಗತ್ಯ ಆ್ಯಂಟಿಬಯಾಟಿಕ್ ಬಳಕೆ ಬಹುಪಾಲು ಈ ಗೊಂದಲದಿಂದಲೇ ಹುಟ್ಟುತ್ತದೆ. ಖಚಿತವಾದ ಸೋಂಕಿಗೆ ಸಾಮಾನ್ಯವಾಗಿ 7 ದಿನಗಳ ಚಿಕಿತ್ಸೆ ಸಾಕೆಂದು ಅಮೆರಿಕದ ತಜ್ಞ ಸಂಘಗಳ 2016ರ ಮಾರ್ಗಸೂಚಿ ಹೇಳುತ್ತದೆ.

ತಡೆಗಟ್ಟುವ ಕ್ರಮಗಳು ನೋಡಲು ತೀರಾ ಸರಳ, ಪ್ರತಿ ಪಾಳಿಯಲ್ಲೂ ಬಿಡದೆ ಪಾಲಿಸುವುದು ಕಷ್ಟ. ಹಾಸಿಗೆಯ ತಲೆಭಾಗವನ್ನು 30ರಿಂದ 45 ಡಿಗ್ರಿಯಷ್ಟು ಎತ್ತರಿಸಬೇಕು, ಕೈ ತೊಳೆಯಬೇಕು, ರೋಗಿಯ ಹಲ್ಲುಜ್ಜಬೇಕು, ಬಲೂನಿನ ಒತ್ತಡ 20ರಿಂದ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬದ ಒತ್ತಡಕ್ಕೆ ಸಮನಾಗಿರಬೇಕು, ಕಡಿಮೆಯಾದರೆ ಎಂಜಲು ಸೋರುತ್ತದೆ, ಹೆಚ್ಚಾದರೆ ನಾಳದ ಗೋಡೆಗೆ ಗಾಯವಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು, ಮಂಪರಿನ ಔಷಧವನ್ನು ದಿನವೂ ತಗ್ಗಿಸಿ ರೋಗಿ ತಾನೇ ಉಸಿರಾಡಬಲ್ಲನೇ ಎಂದು ಪರೀಕ್ಷಿಸಿ, ಕೊಳವೆಯನ್ನು ಸಾಧ್ಯವಾದಷ್ಟು ಬೇಗ ತೆಗೆಯುವುದು. ಯಂತ್ರದಿಂದ ರೋಗಿಯವರೆಗೆ ಹಾದುಬರುವ ಗಾಳಿಯ ಪೈಪುಗಳನ್ನು ದಿನ ಲೆಕ್ಕ ಹಾಕಿ ಬದಲಿಸುವ ರೂಢಿ ಹಿಂದೆ ಇತ್ತು; ಅದರಿಂದ ಸೋಂಕು ಕಡಿಮೆಯಾಗದೆಂದು ಕಂಡುಬಂದದ್ದರಿಂದ, ಈಗ ಅವು ಕಣ್ಣಿಗೆ ಕಾಣುವಂತೆ ಕೊಳೆಯಾದಾಗ ಅಥವಾ ಕೆಟ್ಟಾಗ ಮಾತ್ರ ಬದಲಿಸಲು ಸೂಚಿಸಲಾಗುತ್ತದೆ.