ಮೆಣಸಿನ ಏಣಿ ಎಷ್ಟು ಎತ್ತರ ಮುಟ್ಟುತ್ತದೆ?

ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಮೆಣಸು ಕೊಯ್ಯುವಾಗ ಸಿಲ್ವರ್ ಮರಕ್ಕೆ ಏಣಿ ಒರಗಿಸುತ್ತಾರಲ್ಲ, ಅಲ್ಲೇ ಒಂದು ಲಂಬಕೋನ ತ್ರಿಭುಜ ಇದೆ. ನೆಲ ಸಮ, ಮರ ನೆಟ್ಟಗೆ, ಏಣಿ ಓರೆ. ಲಂಬಕೋನದ ಎದುರಿಗಿರುವುದು ಏಣಿ, ಹಾಗಾಗಿ ಅದೇ ವಿಕರ್ಣ. ಏಣಿಯ ಬುಡದ ಕೋನ ಹಿಡಿದರೆ ಮರ ಅಭಿಮುಖ ಬಾಹು, ನೆಲ ಪಾರ್ಶ್ವ ಬಾಹು. ಏಣಿಯ ತುದಿಯ ಕೋನ ಹಿಡಿದರೆ ಈ ಎರಡು ಹೆಸರು ಅದಲುಬದಲಾಗುತ್ತವೆ. ಅದಕ್ಕೇ ಮೊದಲು ಚಿತ್ರ ಬರೆದು ಕೋನ ಗುರುತಿಸಿ, ಆಮೇಲೆ ಬಾಹುಗಳಿಗೆ ಹೆಸರಿಡಿ.

ಏಣಿ 18 ಅಡಿ, ಬುಡದ ಕೋನ 75° ಅಂದುಕೊಳ್ಳಿ. ಗೊತ್ತಿರುವುದು ವಿಕರ್ಣ, ಬೇಕಾಗಿರುವುದು ಅಭಿಮುಖ ಬಾಹು. ಇವೆರಡೂ ಬರುವ ಅನುಪಾತ ಸೈನ್ (ಅಭಿಮುಖ ಬಾಹು ÷ ವಿಕರ್ಣ).

ಎತ್ತರ = 18 × ಸೈನ್ 75° = 18 × 0.9659 = 17.4 ಅಡಿ

ಏಣಿಯ ಬುಡ ಮರದಿಂದ ಎಷ್ಟು ದೂರ? ಇದಕ್ಕೆ ಕಾಸ್ (ಪಾರ್ಶ್ವ ಬಾಹು ÷ ವಿಕರ್ಣ): 18 × ಕಾಸ್ 75° = 4.7 ಅಡಿ. ಕ್ಯಾಲ್ಕುಲೇಟರಿನಲ್ಲಿ ಸೈನ್ 75 ಒತ್ತಿದಾಗ ಮೈನಸ್ 0.3878 ಬಂದರೆ ಅದು ರೇಡಿಯನ್‌ (ಕೋನದ ಇನ್ನೊಂದು ಅಳತೆ) ನಲ್ಲಿದೆ, ಡಿಗ್ರಿಗೆ ಬದಲಿಸಿ.

ಈಗ ಉಲ್ಟಾ ಪ್ರಶ್ನೆ. ಅದೇ ಕೋನದಲ್ಲಿ 16 ಅಡಿ ಎತ್ತರ ಮುಟ್ಟಲು ಎಷ್ಟುದ್ದದ ಏಣಿ ಬೇಕು? ಇಲ್ಲಿ ಗೊತ್ತಿಲ್ಲದ ಬಾಹು ಛೇದದಲ್ಲಿದೆ, ಆದ್ದರಿಂದ ಭಾಗಿಸಬೇಕು: 16 ÷ 0.9659 = 16.6 ಅಡಿ. ಸುಮ್ನೆ ಗುಣಿಸಿಬಿಟ್ಟರೆ 15.5 ಬರುತ್ತದೆ. ಏರುವ ಎತ್ತರಕ್ಕಿಂತ ಓರೆ ಏಣಿ ಗಿಡ್ಡ ಇರಲು ಸಾಧ್ಯವೇ ಇಲ್ಲ, ಅಲ್ವಾ? ವಿಕರ್ಣ ಯಾವಾಗಲೂ ಎಲ್ಲಕ್ಕಿಂತ ಉದ್ದ. ಉತ್ತರ ಬಂದ ಕೂಡಲೇ ಇದನ್ನೊಮ್ಮೆ ನೋಡಿ.

ಆದರೆ ಮಲೆನಾಡಿನಲ್ಲಿ ಸಮ ನೆಲ ಸಿಗುವುದೇ ಕಷ್ಟ. ಪುಸ್ತಕದ ಲೆಕ್ಕ ಬಂದರೂ ತೋಟದಲ್ಲಿ ಎಡವುವುದು ಇಲ್ಲೇ. ನೀವು ಇಳಿಜಾರಿನ ಮೇಲ್ಗಡೆ ನಿಂತಿದ್ದೀರಿ, ಮರ ಕೆಳಗಡೆ ಇದೆ, ಅದರ ಎತ್ತರ ಬೇಕು. ಟೇಪಿನ ಒಂದು ತುದಿ ನಿಮ್ಮ ಕಣ್ಣಿನ ಹತ್ತಿರ, ಇನ್ನೊಂದು ಮರದ ಬುಡದಲ್ಲಿ. ಅಳತೆ 20 ಮೀಟರ್ ಬಂತು. ಇದು ಪಾರ್ಶ್ವ ಬಾಹು ಅಲ್ಲ! ಓರೆಯಾಗಿ ಎಳೆದ ಟೇಪು ಕೊಡುವುದು ವಿಕರ್ಣವನ್ನು.

ಕೋನ ಅಳೆಯಲು ಕೋನಮಾಪಕದ ನಡುಬಿಂದುವಿಗೆ ದಾರ ಕಟ್ಟಿ, ಸಣ್ಣ ಕಲ್ಲು ಇಳಿಬಿಡಿ. ನೇರ ಅಂಚಿನ ಮೇಲೆ ಕಣ್ಣಿಟ್ಟು ಮರದ ತುದಿ ನೋಡಿ. ದಾರ 48ರ ಮೇಲೆ ನಿಂತರೆ ಉನ್ನತ ಕೋನ (ಅಡ್ಡ ಗೆರೆಯಿಂದ ಮೇಲಕ್ಕೆ ನೋಡುವ ಕೋನ) 90 − 48 = 42°. ಬುಡವನ್ನೂ ಹಾಗೇ ನೋಡಿದಾಗ ಅವನತ ಕೋನ (ಅಡ್ಡ ಗೆರೆಯಿಂದ ಕೆಳಕ್ಕೆ ನೋಡುವ ಕೋನ) 20° ಬಂತು ಅನ್ನಿ.

ಕಣ್ಣಿನಿಂದ ಮರಕ್ಕೆ ಅಡ್ಡ ಗೆರೆ ಎಳೆದರೆ ಎರಡು ಲಂಬಕೋನ ತ್ರಿಭುಜಗಳಾಗುತ್ತವೆ. ಮೇಲಿನದಕ್ಕೆ ಟ್ಯಾನ್ (ಅಭಿಮುಖ ಬಾಹು ÷ ಪಾರ್ಶ್ವ ಬಾಹು) ಬೇಕು.

ಅಡ್ಡ ದೂರ = 20 × ಕಾಸ್ 20° = 18.79 ಮೀ.
ಗೆರೆಯ ಕೆಳಗೆ = 20 × ಸೈನ್ 20° = 6.84 ಮೀ.
ಗೆರೆಯ ಮೇಲೆ = 18.79 × ಟ್ಯಾನ್ 42° = 16.92 ಮೀ.

ಒಟ್ಟು 23.76 ಮೀಟರ್. 20ನ್ನೇ ಅಡ್ಡ ದೂರ ಅಂದುಕೊಂಡು ಎರಡು ಕಡೆಯೂ ಟ್ಯಾನ್ ಹಾಕಿದ್ದರೆ 25.29 ಬರುತ್ತಿತ್ತು, ಒಂದೂವರೆ ಮೀಟರ್ ಜಾಸ್ತಿ.

ನೀವು ಇಳಿಜಾರಿನ ಕೆಳಗಡೆ ನಿಂತು, ಮರದ ಬುಡವೂ ಕಣ್ಣಿಗಿಂತ ಮೇಲೆ ಇದ್ದರೆ ಎರಡೂ ತ್ರಿಭುಜಗಳು ಗೆರೆಯ ಮೇಲೇ ಬೀಳುತ್ತವೆ. ಆಗ ಕೂಡಬಾರದು, ದೊಡ್ಡ ಎತ್ತರದಿಂದ ಚಿಕ್ಕದನ್ನು ಕಳೆಯಬೇಕು.