ಏಪ್ರಿಲ್‌ನ ಹದಿಮೂರು ಗೆಲುವುಗಳನ್ನು ಎಷ್ಟು ನಂಬಬಹುದು?

ಅಮೆರಿಕದ ಮಿಲ್ವಾಕಿ ನಗರದಲ್ಲಿ ಜಾರ್ಜ್ ವೆಬ್ ಅಂತ ಒಂದು ಹೋಟೆಲ್ ಸರಣಿ ಇದೆ. ಹ್ಯಾಂಬರ್ಗರ್‌ಗೆ ಹೆಸರುವಾಸಿ. ನಮ್ಮೂರ ಬೇಸ್‌ಬಾಲ್ ತಂಡ ಸತತ 12 ಪಂದ್ಯ ಗೆದ್ದರೆ ಎಲ್ಲರಿಗೂ ಬಿಟ್ಟಿ ಬರ್ಗರ್ ಎಂದು ಅವರು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದರು. ಅದೆಲ್ಲ ಆಗುವ ಮಾತಲ್ಲ ಅನ್ನುವ ಧೈರ್ಯ ಇದ್ದಾಗ ತಾನೇ ಇಂಥ ಮಾತು ಕೊಡುವುದು? ಆದರೆ 1987ರ ಏಪ್ರಿಲ್‌ನಲ್ಲಿ ಮಿಲ್ವಾಕಿ ಬ್ರೂವರ್ಸ್ ತಂಡ ಮೊದಲ ಪಂದ್ಯದಿಂದಲೇ ಗೆಲ್ಲುತ್ತಾ ಹೋಯಿತು. ಏಪ್ರಿಲ್ 15ರಂದು ಆ ತಂಡದ ಪಿಚರ್ (ನಮ್ಮ ಬೌಲರ್ ಇದ್ದ ಹಾಗೆ) ವಾನ್ ನಿಯೆವೆಸ್ ಎದುರಾಳಿಗೆ ಒಂದೇ ಒಂದು ಹಿಟ್, ಅಂದರೆ ಬ್ಯಾಟರ್ ಚೆಂಡು ಹೊಡೆದು ಔಟಾಗದೆ ಬೇಸ್ ತಲುಪುವ ಹೊಡೆತ, ಕೊಡದೆ ಪಂದ್ಯ ಮುಗಿಸಿದರು. ಏಪ್ರಿಲ್ 19, ಈಸ್ಟರ್ ಭಾನುವಾರ. ಕೊನೆಯ ಇನ್ನಿಂಗ್ಸ್ ಶುರುವಾದಾಗ ಬ್ರೂವರ್ಸ್ ಒಂದು ರನ್, ಎದುರಾಳಿ ನಾಲ್ಕು. ರಾಬ್ ಡೀರ್ ಮೂರು ರನ್ ತರುವ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ) ಹೊಡೆದು ಸಮ ಮಾಡಿದರು. ಆಮೇಲೆ ಡೇಲ್ ಸ್ವೇಮ್ ಇನ್ನೊಂದು ಹೋಮ್ ರನ್ ಹೊಡೆದು ಪಂದ್ಯವನ್ನೇ ಮುಗಿಸಿಬಿಟ್ಟರು. ಅದು ಹನ್ನೆರಡನೆಯ ಗೆಲುವು. ಹೋಟೆಲಿನವರು ಕೊಟ್ಟ ಮಾತು ಉಳಿಸಿಕೊಂಡರು. 1,68,194 ಬರ್ಗರ್ ಹಂಚಿದರು!

ಮರುದಿನ ಹದಿಮೂರನೆಯದೂ ಗೆದ್ದಾಯಿತು. ಆಗ ಊರಿನ ಯಾವ ಅಭಿಮಾನಿಯನ್ನು ಕೇಳಿದ್ದರೂ 'ಈ ಸಲ ಕಪ್ ನಮ್ದೇ' ಎನ್ನುತ್ತಿದ್ದರು. (ಈ ಮಾತಿನ ರುಚಿ ಕನ್ನಡಿಗರಿಗೆ ಬೇರೆ ಹೇಳಬೇಕಿಲ್ಲ.) ಮೊದಲ 23 ಪಂದ್ಯಗಳಲ್ಲಿ 20 ಗೆಲುವು ಬಂತು. ಮೇ ತಿಂಗಳಲ್ಲಿ ಅದೇ ತಂಡ ಸತತ 12 ಪಂದ್ಯ ಸೋತಿತು. ಸೀಸನ್ ಮುಗಿದಾಗ 91 ಗೆಲುವು, 71 ಸೋಲು. ತನ್ನ ವಿಭಾಗದಲ್ಲಿ ಮೂರನೆಯ ಸ್ಥಾನ. ಪ್ಲೇಆಫ್ ಬಾಗಿಲಿನವರೆಗೂ ಹೋಗಲಿಲ್ಲ.

1900ರಿಂದ ಈಚೆಗೆ ಸೀಸನ್‌ನ ಮೊದಲ 13 ಪಂದ್ಯಗಳನ್ನೂ ಗೆದ್ದ ತಂಡಗಳು ಮೂರೇ. 1982ರ ಅಟ್ಲಾಂಟಾ ಬ್ರೇವ್ಸ್, 1987ರ ಈ ಬ್ರೂವರ್ಸ್, 2023ರ ಟ್ಯಾಂಪಾ ಬೇ ರೇಸ್. ಮೂರರಲ್ಲಿ ಒಂದೂ ಆ ವರ್ಷ ಚಾಂಪಿಯನ್ ಆಗಲಿಲ್ಲ. ಹಾಗಾದರೆ ಆ ಹದಿಮೂರು ಗೆಲುವುಗಳು ಏನನ್ನು ಹೇಳುತ್ತಿದ್ದವು? ಏನೋ ಹೇಳುತ್ತಿದ್ದವು, ನಿಜ. ನಮಗೆ ಕೇಳಿಸಿದ್ದು ಮಾತ್ರ ಅದಕ್ಕಿಂತ ಜಾಸ್ತಿ.

ಮೊದಲು ಈ ಆಟದ ಅಳತೆ ನೋಡೋಣ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ 14 ಲೀಗ್ ಪಂದ್ಯ. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ 162. ಅಂದರೆ ಹದಿಮೂರು ಪಂದ್ಯ ಎಂದರೆ ಶೇ 8ರಷ್ಟು ಸೀಸನ್ ಮಾತ್ರ. ಅಲ್ಲಿನವರ ಹಳೆಯ ಮಾತೊಂದಿದೆ: ಎಂಥ ತಂಡವಾದರೂ 54 ಪಂದ್ಯ ಗೆಲ್ಲುತ್ತದೆ, 54 ಸೋಲುತ್ತದೆ, ಉಳಿದ 54ರಲ್ಲಿ ಏನು ಮಾಡುತ್ತದೆ ಎನ್ನುವುದೇ ಪ್ರಶ್ನೆ. ನೂರು ಪಂದ್ಯ ಗೆದ್ದ ತಂಡ ಬಲು ದೊಡ್ಡ ತಂಡ. ಅದೂ ಅರವತ್ತು ಸಲ ಸೋತಿರುತ್ತದೆ.

ಯಾಕೆ ಹೀಗೆ? ದುಂಡನೆಯ ಚೆಂಡಿಗೆ ದುಂಡನೆಯ ಬ್ಯಾಟಿನಿಂದ ಹೊಡೆಯುವ ಆಟ ಇದು. ಬ್ಯಾಟ್ ಒಂದಿಷ್ಟು ಮಿಲಿಮೀಟರ್ ಕೆಳಗೆ ತಾಗಿದರೆ ಚೆಂಡು ಸುಮ್ಮನೆ ಮೇಲಕ್ಕೆ ಹೋಗಿ ಕ್ಯಾಚ್ ಆಗುತ್ತದೆ. ಸರಿಯಾಗಿ ತಾಗಿದರೆ ಗೋಡೆಯಾಚೆ. ಗಟ್ಟಿಯಾಗಿ ಹೊಡೆದ ಚೆಂಡೂ ನೇರವಾಗಿ ಫೀಲ್ಡರ್ ಕೈಗೆ ಹೋಗಬಹುದು. ಅರೆಬರೆ ತಾಗಿದ್ದು ಇಬ್ಬರ ನಡುವೆ ಬೀಳಬಹುದು. ಇನ್ನೊಂದು ಕಾರಣವೂ ಇದೆ. ಸಾಮಾನ್ಯವಾಗಿ ಐವರು ಪಿಚರ್‌ಗಳು ಸರದಿಯಂತೆ ಪಂದ್ಯ ಶುರು ಮಾಡುತ್ತಾರೆ. 13 ಪಂದ್ಯಗಳಲ್ಲಿ ತಂಡದ ಅತ್ಯುತ್ತಮ ಪಿಚರ್ ಹೆಚ್ಚೆಂದರೆ ಮೂರು ಸಲ ಕಾಣಿಸಿಕೊಂಡಿರುತ್ತಾರೆ. ಅಷ್ಟರಲ್ಲಿ ತಂಡದ ಪೂರ್ತಿ ಮುಖ ಕಾಣುವುದು ಕಷ್ಟ.

ಈಗ ಒಂದು ಲೆಕ್ಕ. ಲೀಗ್‌ನಲ್ಲಿರುವುದು 30 ತಂಡ. ಮೂವತ್ತೂ ಸರಿಸಮ, ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ ಎಂದುಕೊಳ್ಳಿ. ಹತ್ತು ಪಂದ್ಯ ಆದಾಗ ಏಳು ಅಥವಾ ಹೆಚ್ಚು ಗೆದ್ದ ತಂಡಗಳು ಎಷ್ಟಿರುತ್ತವೆ? ಒಂದು ತಂಡಕ್ಕೆ ಆ ಸಾಧ್ಯತೆ 1024ರಲ್ಲಿ 176, ಅಂದರೆ ಸುಮಾರು ಶೇ 17. ಮೂವತ್ತು ತಂಡಗಳಲ್ಲಿ ಐದು! ಯಾವ ಪ್ರತಿಭೆಯೂ ಬೇಡ, ಯಾವ ಹೊಸ ಕೋಚೂ ಬೇಡ. ಐದು ಊರುಗಳ ಪತ್ರಿಕೆಗಳಲ್ಲಿ 'ನಮ್ಮ ತಂಡದ ಗುಟ್ಟೇನು' ಎಂದು ಲೇಖನ ಬರಲು ನಾಣ್ಯ ಸಾಕು.

ಹದಿಮೂರಕ್ಕೆ ಹದಿಮೂರು ಮಾತ್ರ ಬೇರೆ ವಿಷಯ. ನಾಣ್ಯದ ತಂಡಕ್ಕೆ ಅದು 8192ರಲ್ಲಿ ಒಂದು ಸಲ. ಹತ್ತರಲ್ಲಿ ಆರು ಗೆಲ್ಲುವಂಥ ಒಳ್ಳೆಯ ತಂಡಕ್ಕೆ ಸುಮಾರು 766ರಲ್ಲಿ ಒಂದು ಸಲ. ಹಾಗಾಗಿ ಹದಿಮೂರು ಗೆದ್ದ ತಂಡ ಸಾಧಾರಣ ತಂಡ ಆಗಿರುವುದಕ್ಕಿಂತ ಒಳ್ಳೆಯ ತಂಡ ಆಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಒಳ್ಳೆಯ ತಂಡಕ್ಕೂ ಇದು ಅಪರೂಪ ಎನ್ನುವುದನ್ನು ಮರೆಯಬಾರದು. ಪ್ರತಿಭೆಯೂ ಇತ್ತು, ಅದರ ಮೇಲೆ ಅದೃಷ್ಟವೂ ಸುರಿಯಿತು. ಎರಡನ್ನೂ ಬಿಡಿಸಿ ನೋಡುವುದು ಹೇಗೆ?

ಇದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಒಂದು ಚೆಂದದ ಉತ್ತರವಿದೆ. ವಿಶೇಷ ಎಂದರೆ ಅದನ್ನು ಜನರಿಗೆ ತೋರಿಸಿಕೊಟ್ಟ ಉದಾಹರಣೆಯೂ ಬೇಸ್‌ಬಾಲ್‌ನದೇ. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1970ರ ಸೀಸನ್‌ನಿಂದ 18 ಬ್ಯಾಟರ್‌ಗಳನ್ನು ಆರಿಸಿಕೊಂಡರು. ಪ್ರತಿಯೊಬ್ಬರ ಮೊದಲ 45 ಅವಕಾಶಗಳಲ್ಲಿ ಎಷ್ಟು ಹಿಟ್ ಬಂದವು ಎಂದು ನೋಡಿದರು. ಪಿಟ್ಸ್‌ಬರ್ಗ್‌ನ ರೊಬೆರ್ಟೊ ಕ್ಲೆಮೆಂಟೆ ಎಲ್ಲರಿಗಿಂತ ಮೇಲಿದ್ದರು: 45ರಲ್ಲಿ 18, ಸರಾಸರಿ 0.400. ನ್ಯೂಯಾರ್ಕ್ ಯಾಂಕೀಸ್‌ನ ಥರ್ಮನ್ ಮನ್ಸನ್ ತಳದಿಂದ ಎರಡನೆಯವರು: 45ರಲ್ಲಿ 8, ಸರಾಸರಿ 0.178. ಇಷ್ಟನ್ನೇ ಇಟ್ಟುಕೊಂಡು ಉಳಿದ ಸೀಸನ್‌ನಲ್ಲಿ ಇವರು ಹೇಗೆ ಆಡುತ್ತಾರೆ ಎಂದು ಹೇಳಬೇಕು.

ಸಹಜವಾದ ಉತ್ತರ, ಈವರೆಗೆ ಆಡಿದ ಹಾಗೆಯೇ ಆಡುತ್ತಾರೆ ಎನ್ನುವುದು. ಚಾರ್ಲ್ಸ್ ಸ್ಟೈನ್ ಎಂಬ ಗಣಿತಜ್ಞರು 1950ರ ದಶಕದಲ್ಲೇ ಇದಕ್ಕಿಂತ ಒಳ್ಳೆಯ ದಾರಿ ಇದೆ ಎಂದು ತೋರಿಸಿದ್ದರು. ಎಲ್ಲರ ಅಂಕಿಯನ್ನೂ ಗುಂಪಿನ ಸರಾಸರಿಯ ಕಡೆಗೆ ಎಳೆಯಬೇಕು. ಎಷ್ಟು ಎಳೆಯಬೇಕು ಎಂಬುದಕ್ಕೂ ಸೂತ್ರವಿದೆ. ಹದಿನೆಂಟು ಜನರ ಸರಾಸರಿ 0.265. ಸೂತ್ರದ ಪ್ರಕಾರ ಕ್ಲೆಮೆಂಟೆ 0.400ರಿಂದ ಇಳಿದು 0.294ಕ್ಕೆ ಬಂದರು. ಮನ್ಸನ್ 0.178ರಿಂದ ಏರಿ 0.247 ಆದರು. ಸರಾಸರಿಗಿಂತ ಎಷ್ಟು ದೂರ ಇದ್ದರೋ ಅದರಲ್ಲಿ ಐದನೆಯ ಒಂದು ಪಾಲಷ್ಟೇ ಉಳಿಯಿತು. 45 ಅವಕಾಶಗಳನ್ನು ನಂಬಬಹುದಾದದ್ದು ಇಷ್ಟೇ!

ಸೀಸನ್ ಮುಗಿದ ಮೇಲೆ ನೋಡಿದರೆ ಹದಿನೆಂಟು ಜನರಿಗೂ ಸೇರಿ ಒಟ್ಟು ತಪ್ಪು ಮೂರನೆಯ ಒಂದು ಪಾಲಿಗಿಂತ ಕಡಿಮೆಗೆ ಇಳಿದಿತ್ತು. ತಳದ ಹತ್ತಿರ ಇದ್ದ ಮನ್ಸನ್ ಉಳಿದ ಸೀಸನ್‌ನಲ್ಲಿ 0.316 ಹೊಡೆದರು. ಏಪ್ರಿಲ್‌ನಲ್ಲೇ ಅವರನ್ನು ಬೆಂಚಿನ ಮೇಲೆ ಕೂರಿಸಿದ್ದರೆ ಏನು ಗತಿ? ಕ್ಲೆಮೆಂಟೆ ಹೊಡೆದದ್ದು 0.346. ಅಂದರೆ ಸೂತ್ರ ಅವರನ್ನು ತೀರಾ ಕೆಳಗೆ ಎಳೆದಿತ್ತು. ಈ ಒಂದು ಕೊಸರು ನೆನಪಿರಲಿ.

ತಂಡಗಳಿಗೂ ಇದೇ ಕೆಲಸ ಮಾಡಬಹುದು. ಗೆಲುವು ಸೋಲುಗಳಲ್ಲಿ ಬರೀ ಅದೃಷ್ಟದಿಂದ ಆಗುವ ಏರಿಳಿತ ಎಷ್ಟು ಎಂಬುದಕ್ಕೆ ಲೆಕ್ಕವಿದೆ. 162 ಪಂದ್ಯಗಳಲ್ಲಿ ಅದು ಹೆಚ್ಚುಕಡಿಮೆ ಆರು ಗೆಲುವು ಆಚೀಚೆ. ತಂಡಗಳ ನಿಜವಾದ ಸಾಮರ್ಥ್ಯದ ಅಂತರ ಅದಕ್ಕಿಂತ ಜಾಸ್ತಿ, ಸುಮಾರು ಒಂಬತ್ತು ಹತ್ತು ಗೆಲುವು. ಈ ಎರಡನ್ನೂ ತೂಗಿ ನೋಡಿದರೆ ಸುಮಾರು 70 ಪಂದ್ಯ ಆದಾಗ ಅದೃಷ್ಟ ಮತ್ತು ಸಾಮರ್ಥ್ಯ ಸಮ ಸಮ ಆಗುತ್ತವೆ. ಅಷ್ಟು ಪಂದ್ಯ ಆಗುವ ಹೊತ್ತಿಗೆ ಜೂನ್ ಅರ್ಧ ಕಳೆದಿರುತ್ತದೆ. ಇದರಿಂದ ಬಾಯಲ್ಲೇ ಹಾಕಬಹುದಾದ ಒಂದು ಲೆಕ್ಕ ಸಿಗುತ್ತದೆ: ತಂಡದ ಈವರೆಗಿನ ಅಂಕಿಗೆ 35 ಗೆಲುವು, 35 ಸೋಲು ಸೇರಿಸಿ. ಬಂದ ಪ್ರಮಾಣವೇ ಮುಂದಿನ ಪಂದ್ಯಗಳ ಅಂದಾಜು.

2023ರ ರೇಸ್ ತಂಡಕ್ಕೆ ಮಾಡಿ ನೋಡಿ. 13 ಗೆಲುವು, 0 ಸೋಲು. ಸೇರಿಸಿದರೆ 48 ಗೆಲುವು, 35 ಸೋಲು. ಪ್ರಮಾಣ 0.578. ಉಳಿದ 149 ಪಂದ್ಯಗಳಲ್ಲಿ ಈ ಪ್ರಮಾಣದಂತೆ 86 ಗೆಲುವು. ಮೊದಲಿನ ಹದಿಮೂರು ಸೇರಿದರೆ 99. ಆ ವರ್ಷ ರೇಸ್ ಗೆದ್ದದ್ದು ಎಷ್ಟು ಗೊತ್ತೇ? ಸರಿಯಾಗಿ 99.

ಇಲ್ಲಿ ಚಪ್ಪಾಳೆ ತಟ್ಟುವ ಮೊದಲು ತಡೆಯಿರಿ. ಇದೇ ಲೆಕ್ಕ 1987ರ ಬ್ರೂವರ್ಸ್‌ಗೂ 99 ಎನ್ನುತ್ತದೆ. ಅವರು ಗೆದ್ದದ್ದು 91. 1982ರ ಬ್ರೇವ್ಸ್‌ಗೂ 99 ಎನ್ನುತ್ತದೆ, ಅವರದು 89. ಒಂದು ತಂಡಕ್ಕೆ ಸರಿ ಬಂತು ಎಂದು ಸೂತ್ರವನ್ನು ಹೊಗಳುವುದೂ ಹದಿಮೂರು ಪಂದ್ಯ ನೋಡಿ ಕಪ್ ಎಣಿಸುವ ಚಟವೇ.

ಗೆಲುವಿಗಿಂತ ಬೇಗ ಸತ್ಯ ಹೇಳುವ ಅಂಕಿಗಳೂ ಇವೆ. ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟಾಗುವುದು, ಅಂಥದ್ದು. ಅದು ಮುಖ್ಯವಾಗಿ ಪಿಚರ್ ಮತ್ತು ಬ್ಯಾಟರ್ ನಡುವಿನ ವ್ಯವಹಾರ. ಚೆಂಡು ಎಲ್ಲಿ ಬಿತ್ತು, ಫೀಲ್ಡರ್ ಎಲ್ಲಿ ನಿಂತಿದ್ದ ಎನ್ನುವ ತಲೆನೋವಿಲ್ಲ. ಬ್ಯಾಟಿಂಗ್ ಸರಾಸರಿ ನೆಲೆಗೊಳ್ಳಲು ಒಂದು ಪೂರ್ತಿ ಸೀಸನ್ನೂ ಸಾಲದೆ ಹೋಗಬಹುದು. ತಂಡದ ಮಟ್ಟದಲ್ಲಿ ನೋಡಬೇಕಾದದ್ದು ರನ್‌ಗಳ ಅಂತರ. ಆ ಹದಿಮೂರು ಪಂದ್ಯಗಳಲ್ಲಿ ರೇಸ್ ಗಳಿಸಿದ್ದು 101 ರನ್, ಕೊಟ್ಟದ್ದು 30. ಮೊದಲ ಒಂಬತ್ತು ಗೆಲುವುಗಳಲ್ಲಿ ಪ್ರತಿಯೊಂದರಲ್ಲೂ ಅಂತರ ನಾಲ್ಕು ರನ್ ಅಥವಾ ಹೆಚ್ಚು. ಕೂದಲೆಳೆಯಲ್ಲಿ ಪಾರಾದ ಗೆಲುವುಗಳಲ್ಲ ಇವು. ಬೇಸ್‌ಬಾಲ್ ಅಂಕಿ-ಅಂಶಗಳ ಬರಹಗಾರ ಬಿಲ್ ಜೇಮ್ಸ್ ಅವರ ಪ್ರಸಿದ್ಧ ಸೂತ್ರದಲ್ಲಿ ಗಳಿಸಿದ ರನ್‌ಗಳ ವರ್ಗವನ್ನು ಗಳಿಸಿದ ಮತ್ತು ಕೊಟ್ಟ ರನ್‌ಗಳ ವರ್ಗಗಳ ಮೊತ್ತದಿಂದ ಭಾಗಿಸುತ್ತಾರೆ. ಹಾಗೆ ಮಾಡಿದರೆ ಹದಿಮೂರರಲ್ಲಿ ಹನ್ನೆರಡು ಗೆಲುವು ನ್ಯಾಯವಾಗಿಯೇ ಬರಬೇಕಿತ್ತು.

ಎದುರಾಳಿಗಳನ್ನು ನೋಡಿದರೆ ಮಾತ್ರ ಸ್ವಲ್ಪ ಹುಬ್ಬೇರುತ್ತದೆ. ಡೆಟ್ರಾಯ್ಟ್, ವಾಷಿಂಗ್ಟನ್, ಓಕ್‌ಲೆಂಡ್, ಬಾಸ್ಟನ್. ಸೀಸನ್ ಮುಗಿದಾಗ ಈ ನಾಲ್ಕೂ ತಂಡಗಳು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಓಕ್‌ಲೆಂಡ್ ಅಂತೂ 112 ಪಂದ್ಯ ಸೋತಿತು. ಹದಿಮೂರನೆಯ ಗೆಲುವಿನ ದಿನವೇ ರೇಸ್‌ನ ಪಿಚರ್ ಜೆಫ್ರಿ ಸ್ಪ್ರಿಂಗ್ಸ್ ಮೊಣಕೈ ನೋವಿನಿಂದ ಮೈದಾನ ಬಿಟ್ಟರು. ಆಮೇಲೆ ಶಸ್ತ್ರಚಿಕಿತ್ಸೆ ಆಯಿತು, ಆ ವರ್ಷ ಮತ್ತೆ ಆಡಲಿಲ್ಲ. ಏಪ್ರಿಲ್‌ನಲ್ಲಿ ಗೆದ್ದ ತಂಡವೇ ಸೆಪ್ಟೆಂಬರ್‌ನಲ್ಲೂ ಇರುತ್ತದೆ ಎಂದು ಯಾವ ಸೂತ್ರವೂ ಭರವಸೆ ಕೊಡುವುದಿಲ್ಲ.

ಈಗ ಕ್ಲೆಮೆಂಟೆಯ ಕೊಸರಿಗೆ ಬರೋಣ. ಸೂತ್ರ ಅವರನ್ನು ಗುಂಪಿನ ಸರಾಸರಿಗೆ ಎಳೆಯಿತು. ಆದರೆ 1970ರ ಹೊತ್ತಿಗೆ ಅವರು ಬ್ಯಾಟಿಂಗ್ ಸರಾಸರಿಯಲ್ಲಿ ನಾಲ್ಕು ಸಲ ತಮ್ಮ ಲೀಗ್‌ಗೇ ಮೊದಲಿಗರಾಗಿದ್ದವರು. ಅಂಥವರನ್ನು ಎಳೆಯಬೇಕಾದದ್ದು ಅವರದೇ ಹಳೆಯ ಮಟ್ಟದ ಕಡೆಗೆ. ಇದರ ಉಲ್ಟಾ ಉದಾಹರಣೆ ಅವರ ಅದೇ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದಲ್ಲೇ ಸಿಗುತ್ತದೆ. 2022ರಲ್ಲಿ ನೂರು ಪಂದ್ಯ ಸೋತಿದ್ದ ಪೈರೇಟ್ಸ್ 2023ರಲ್ಲಿ 20 ಗೆಲುವು, 8 ಸೋಲಿನಿಂದ ಶುರು ಮಾಡಿತು. 35 ಸೇರಿಸುವ ಲೆಕ್ಕ 95 ಗೆಲುವು ಎನ್ನುತ್ತದೆ. ಬಂದದ್ದು 76. ಕಳೆದ ವರ್ಷ ಏನಾಗಿತ್ತು ಎಂದು ನೆನಪಿಟ್ಟುಕೊಂಡ ಅಭಿಮಾನಿ ಇಲ್ಲಿ ಸೂತ್ರಕ್ಕಿಂತ ಜಾಣ.

ಒಂದು ತಪ್ಪು ಕಲ್ಪನೆ ಮಾತ್ರ ಎಲ್ಲ ಕಡೆ ಇದೆ. ಇಷ್ಟು ಗೆದ್ದಾಯಿತು, ಇನ್ನು ಸೋಲಿನ ಸರದಿ ಎನ್ನುವುದು. 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತುಂಬಾ ಎತ್ತರದ ತಂದೆತಾಯಿಯ ಮಕ್ಕಳು ಸಾಮಾನ್ಯವಾಗಿ ಅವರಷ್ಟು ಎತ್ತರ ಇರುವುದಿಲ್ಲ ಎಂದು ಅಂಕಿಗಳಲ್ಲಿ ತೋರಿಸಿದರು. ಮಕ್ಕಳು ಕುಳ್ಳರಾಗುತ್ತಾರೆ ಎಂದಲ್ಲ. ಸರಾಸರಿಗೆ ಸ್ವಲ್ಪ ಹತ್ತಿರ ಬರುತ್ತಾರೆ, ಅಷ್ಟೇ. ತಂಡವೂ ಹಾಗೆಯೇ ಸರಾಸರಿಯ ಹತ್ತಿರ ಬರುತ್ತದೆ. ಹಳೆಯ ಗೆಲುವುಗಳ ಸಾಲ ತೀರಿಸಲು ಸೋಲುವುದಿಲ್ಲ. ಏಪ್ರಿಲ್‌ನ ಗೆಲುವು ಪಾಸ್‌ಬುಕ್‌ನಲ್ಲಿ ಜಮಾ ಆದ ದುಡ್ಡು, ಅದನ್ನು ಯಾರೂ ವಾಪಸ್ ಕೇಳುವುದಿಲ್ಲ. 1984ರ ಡೆಟ್ರಾಯ್ಟ್ ಟೈಗರ್ಸ್ 35 ಗೆಲುವು, 5 ಸೋಲಿನಿಂದ ಶುರು ಮಾಡಿತು. ಉಳಿದ ಸೀಸನ್‌ನಲ್ಲಿ ಅವರದು 69 ಗೆಲುವು, 53 ಸೋಲು. ಒಳ್ಳೆಯ ಆಟವೇ, ಅದ್ಭುತವೇನಲ್ಲ. ಒಟ್ಟು 104 ಗೆಲುವು. ಆ ವರ್ಷದ ಚಾಂಪಿಯನ್ ಅವರೇ.

ರೇಸ್‌ನ 99 ಗೆಲುವು ಆ ವಿಭಾಗದಲ್ಲಿ ಎರಡನೆಯ ಸ್ಥಾನಕ್ಕಷ್ಟೇ ಸಾಕಾಯಿತು. ಬಾಲ್ಟಿಮೋರ್ 101 ಗೆದ್ದಿತ್ತು. ಪ್ಲೇಆಫ್‌ನಲ್ಲಿ ಮೂರು ಪಂದ್ಯಗಳ ಸರಣಿ, ಎದುರಿಗೆ ಟೆಕ್ಸಸ್ ರೇಂಜರ್ಸ್. ಎರಡೇ ದಿನದಲ್ಲಿ 4-0, 7-1ರಿಂದ ಸೋತು ಮನೆಗೆ ಹೋದರು. 90 ಪಂದ್ಯ ಗೆದ್ದಿದ್ದ ಟೆಕ್ಸಸ್ ಕಪ್ ಎತ್ತಿತು. ಮೂರು ಪಂದ್ಯಗಳ ಸರಣಿಗಿಂತ ಹದಿಮೂರು ಪಂದ್ಯಗಳ ಸಾಕ್ಷಿ ಎಷ್ಟೋ ಗಟ್ಟಿ. ಆದರೆ ಕಪ್ ಕೊಡುವುದು ಅಕ್ಟೋಬರ್ ಕೊನೆಗೆ, ಏಪ್ರಿಲ್‌ನಲ್ಲಲ್ಲ!

ಮೂವರಲ್ಲಿ 1982ರ ಬ್ರೇವ್ಸ್ ಕತೆಯೇ ನನಗೆ ಹೆಚ್ಚು ಇಷ್ಟ. ಮೊದಲ ಹದಿಮೂರನ್ನು ಬಿಟ್ಟರೆ ಅವರದು 76 ಗೆಲುವು, 73 ಸೋಲು. ಸಾಧಾರಣ ತಂಡ. ಸೀಸನ್‌ನ ಕೊನೆಯ ದಿನ ಅವರು ಸ್ಯಾನ್ ಡಿಯಾಗೊದಲ್ಲಿ ಸೋತರು. ಅದೇ ದಿನ ಬೆನ್ನಟ್ಟಿ ಬರುತ್ತಿದ್ದ ಲಾಸ್ ಏಂಜಲೀಸ್ ಡಾಡ್ಜರ್ಸ್ ಕೂಡ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸೋತಿತು. ಬ್ರೇವ್ಸ್ 89, ಡಾಡ್ಜರ್ಸ್ 88. ಆ ಹದಿಮೂರರಲ್ಲಿ ಎರಡು ಕೈತಪ್ಪಿದ್ದರೂ ವಿಭಾಗದ ಪಟ್ಟ ಡಾಡ್ಜರ್ಸ್‌ಗೆ ಹೋಗುತ್ತಿತ್ತು.