ಎಐಗೆ ಡೇಟಾಬೇಸ್ ಕೊಟ್ಟರೆ ಸಾಕಲ್ವಾ, ಸೆಮ್ಯಾಂಟಿಕ್ ಲೇಯರ್ ಯಾಕೆ?

ಪ್ರಶ್ನೆ: ನಮ್ಮದು ಸಗಟು ವ್ಯಾಪಾರ. ಡೇಟಾಬೇಸಿಗೆ ಎಐ ಜೋಡಿಸಿ ಕನ್ನಡದಲ್ಲೇ ಕೇಳಿದರೆ ಲೆಕ್ಕ ಸಿಗುತ್ತಲ್ಲ? ನಡುವೆ ಈ ಸೆಮ್ಯಾಂಟಿಕ್ ಲೇಯರ್ (ಲೆಕ್ಕದ ಪದಗಳಿಗೆ ಅರ್ಥ ಬರೆದಿಡುವ ಪದರ) ಖರ್ಚು ಯಾಕೆ?

ಲೆಕ್ಕ ಸಿಗುತ್ತದೆ. ಅದು ಸರಿಯಾದ ಲೆಕ್ಕವೇ ಅನ್ನೋದು ಬೇರೆ ಮಾತು.

'ಮೊದಲ ಕ್ವಾರ್ಟರಿನ ಮಾರಾಟ ಎಷ್ಟು?' ಅಂತ ಕೇಳಿ ನೋಡಿ. ನಿಮ್ಮ ಮಟ್ಟಿಗೆ ಅದು ಏಪ್ರಿಲ್‌ನಿಂದ ಜೂನ್. ಎಐ ಅದನ್ನು ಜನವರಿಯಿಂದ ಮಾರ್ಚ್ ಅಂದುಕೊಳ್ಳಬಹುದು. ಜಿಎಸ್‌ಟಿ ಸೇರಿಸಬೇಕಾ, ಬಿಡಬೇಕಾ? ವಾಪಸ್ ಬಂದ ಮಾಲು ಕಳೆಯಬೇಕಾ? ಇದೆಲ್ಲ ನಿಮ್ಮ ಅಕೌಂಟೆಂಟ್ ತಲೆಯಲ್ಲಿದೆ, ಟೇಬಲ್ಲಿನಲ್ಲಿ ಇಲ್ಲ.

ಇನ್ನೂ ಕೆಟ್ಟ ತಪ್ಪು ಜಾಯಿನ್‌ನಲ್ಲಿ, ಅಂದರೆ ಎರಡು ಟೇಬಲ್ ಜೋಡಿಸುವಾಗ ಆಗುತ್ತದೆ. 1,000 ರೂಪಾಯಿಯ ಒಂದು ಆರ್ಡರ್, ಅದರಲ್ಲಿ 3 ಐಟಂ ಅಂತಿಟ್ಟುಕೊಳ್ಳಿ. ಆರ್ಡರ್ ಟೇಬಲ್ಲನ್ನು ಐಟಂ ಟೇಬಲ್ ಜೊತೆ ಜೋಡಿಸಿದಾಗ ಆ 1,000 ಮೂರು ಸಾಲಿನಲ್ಲಿ ಬರುತ್ತದೆ. ಕೂಡಿದರೆ 3,000! ಎಐ ಬರೆದ ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ) ಚೆನ್ನಾಗಿಯೇ ಓಡುತ್ತದೆ, ಎರರ್ ಬರಲ್ಲ. ಉತ್ತರ ನಯವಾಗಿ, ಚಾರ್ಟ್ ಸಮೇತ ಬರುತ್ತದೆ. ಅನುಮಾನ ಬರೋದಾದರೂ ಯಾರಿಗೆ?

ಸೆಮ್ಯಾಂಟಿಕ್ ಲೇಯರ್ ಅಂದರೆ ಈ ನಿಯಮಗಳನ್ನು ಒಂದೇ ಕಡೆ ಬರೆದಿಡೋದು: 'ನಿವ್ವಳ ಮಾರಾಟ' ಅಂದರೆ ಏನು, ಯಾವ ತಾರೀಕು ಹಿಡಿಯಬೇಕು, ಯಾವ ಟೇಬಲ್ ಯಾವುದಕ್ಕೆ ಹೇಗೆ ಸೇರುತ್ತದೆ. ಸಾಮಾನ್ಯವಾಗಿ ಇದು ವೈಎಎಂಎಲ್ ಅನ್ನೋ ಸರಳ ಪಠ್ಯದ ಫೈಲಿನಲ್ಲಿ ಇರುತ್ತದೆ. ಡಿಬಿಟಿ, ಕ್ಯೂಬ್‌ನಂಥ ಟೂಲ್‌ಗಳಲ್ಲಿ ಎಐ ಸೀದಾ ಎಸ್‌ಕ್ಯೂಎಲ್ ಬರೆಯಬೇಕಿಲ್ಲ. ಯಾವ ಮೆಟ್ರಿಕ್ (ನಿವ್ವಳ ಮಾರಾಟದಂಥ ಅಳತೆ), ಯಾವ ಅವಧಿ, ಯಾವ ಊರು ಅಂತ ಆರಿಸಿದರೆ ಸಾಕು. ಎಸ್‌ಕ್ಯೂಎಲ್ ಹೆಣೆಯುವ ಕೆಲಸ ಲೇಯರಿನದು, ಪ್ರತಿ ಸಲವೂ ಅದೇ ನಿಯಮದಂತೆ.

ಇದು ಹೊಸ ಸಂಗತಿಯೇನಲ್ಲ. 1990ರಲ್ಲಿ ಶುರುವಾದ ಫ್ರಾನ್ಸಿನ ಬಿಸಿನೆಸ್ ಆಬ್ಜೆಕ್ಟ್ಸ್ ಕಂಪನಿ ಇದನ್ನೇ 'ಯೂನಿವರ್ಸ್' ಅಂತ ಮಾರುತ್ತಿತ್ತು.

ಫರಕು ಎಷ್ಟು? 2023ರಲ್ಲಿ ಡೇಟಾ.ವರ್ಲ್ಡ್ ಅನ್ನೋ ಕಂಪನಿಯ ಸಂಶೋಧಕರು ವಿಮಾ ಕಂಪನಿಯ ಮಾದರಿ ಡೇಟಾಬೇಸ್ ಮೇಲೆ ಜಿಪಿಟಿ-4 ಎಐ ಮಾಡೆಲನ್ನು ಪರೀಕ್ಷಿಸಿದರು. ಸೀದಾ ಎಸ್‌ಕ್ಯೂಎಲ್ ಬರೆಸಿದಾಗ ಸರಿಯುತ್ತರ ಸುಮಾರು 16%. ಅದೇ ಡೇಟಾವನ್ನು ಅರ್ಥ ವಿವರಿಸುವ ನಾಲೆಡ್ಜ್ ಗ್ರಾಫ್ ಮೂಲಕ ಕೇಳಿದಾಗ 54%. ಈ ಗ್ರಾಫ್ ಸೆಮ್ಯಾಂಟಿಕ್ ಲೇಯರಿನ ಸೋದರ ಸಂಬಂಧಿ ಅನ್ನಿ. ಮಾಡೆಲ್‌ಗಳು ಆಮೇಲೆ ಸುಧಾರಿಸಿವೆ, ನಿಜ. ಆದರೆ ನಿಮ್ಮ ಅಂಗಡಿಯ ನಿಯಮ ಅವಕ್ಕೆ ಹೇಳಿಕೊಡದೆ ಗೊತ್ತಾಗಲ್ಲ. 54% ಕೂಡ ನನಗೆ ದೊಡ್ಡ ಮಾರ್ಕ್ಸ್ ಅನ್ನಿಸುವುದಿಲ್ಲ, ಆ ಮಾತು ಬೇರೆ.

ನನಗೆ ಜಾಸ್ತಿ ಬೆಲೆಯ ಗುಣ ಅನ್ನಿಸೋದು ಇನ್ನೊಂದು. ಲೇಯರಿನಲ್ಲಿ ಇಲ್ಲದ್ದನ್ನು ಕೇಳಿದರೆ 'ಈ ಮೆಟ್ರಿಕ್ ಇಲ್ಲ' ಅಂತ ಹೇಳುವ ಹಾಗೆ ಎಐಯನ್ನು ಕಟ್ಟಿಹಾಕಬಹುದು. ಸುಮ್ನೆ ಊಹಿಸಿ ಅಂಕಿ ಕೊಡೋದಕ್ಕಿಂತ ಅದು ವಾಸಿ, ಅಲ್ವಾ?

ನಿಮ್ಮ ಲೆಕ್ಕವೆಲ್ಲ ಒಂದೇ ಎಕ್ಸೆಲ್ ಶೀಟಿನಲ್ಲಿದ್ದರೆ ಇದರ ಗೊಡವೆ ಬೇಡ. ಹಲವು ಟೇಬಲ್ ಇದ್ದು, ಸೇಲ್ಸ್‌ನವರ ಅಂಕಿ ಒಂದು, ಅಕೌಂಟ್ಸ್‌ನವರದು ಇನ್ನೊಂದು ಆಗುತ್ತಿದ್ದರೆ ಬೇಕು. ಕ್ಯೂಬ್ ಕೋರ್ ಓಪನ್ ಸೋರ್ಸ್, ಲೈಸೆನ್ಸಿಗೆ ದುಡ್ಡಿಲ್ಲ. ಖರ್ಚಾಗೋದು ಆ ಇಬ್ಬರನ್ನೂ ಕೂರಿಸಿ 'ಮಾರಾಟ' ಅಂದರೆ ಯಾವುದು ಅಂತ ಒಪ್ಪಿಸುವ ಸಮಯ. ಜಾಸ್ತಿ ಜಗಳ ಇರುವ ನಾಲ್ಕೈದು ಮೆಟ್ರಿಕ್‌ಗಳಿಂದ ಶುರು ಮಾಡಿ. ಲೇಯರ್ ಕೊಡುವ ಅಂಕಿ ಹಳೆಯ ಬ್ಯಾಲೆನ್ಸ್ ಆದ ತಿಂಗಳೊಂದರ ಲೆಕ್ಕಕ್ಕೆ ತಾಳೆ ಆಗುವವರೆಗೂ ಎಐಯನ್ನು ಜೋಡಿಸಬೇಡಿ.